ಕೊಡಲಿ ಏಟಿನ ವರ್ಷ

ಹೋದ ವಾರ ಡೈರಿಯ ಕೆಲಸಕ್ಕೆ ಪಾಂಡವಪುರಕ್ಕೆ ಹೋಗಿದ್ದೆ. ವಾಪಸು ಬರುವಾಗ ಬಸ್ಸು ಒಂದು ಆಲೆಮನೆಯ ಮುಂದೆ ಕೆಟ್ಟು ನಿಂತಿತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ವಾಸನೆ ಕಿಟಕಿಯಿಂದ ಒಳಕ್ಕೆ ನುಗ್ಗಿತು. ಬೇರೆಯವರಿಗೆ ಆ ವಾಸನೆಗೆ ಬಾಯಲ್ಲಿ ನೀರೂರುತ್ತದೆ, ನನಗೆ ಬಲಭುಜ ನೋಯುತ್ತದೆ. ಭುಜ ಒತ್ತಿಕೊಳ್ಳುತ್ತಿದ್ದದ್ದನ್ನು ನೋಡಿ ಪಕ್ಕದ ಸೀಟಿನ ಹೆಂಗಸು, "ವಾಯುವೇನಕ್ಕ?" ಎಂದಳು. "ಊಂ ಕಣವ್ವ, ವಾಯು" ಎಂದೆ. ಸಾಫ್ಟ್‌ಬಾಲ್ ಎಂದಿದ್ದರೆ ಅದೇನು ಎಂದು ಮೊದಲಿಂದ ಹೇಳಬೇಕಾಗುತ್ತಿತ್ತು. ಅಷ್ಟು ತ್ರಾಣ ನನ್ನಲ್ಲಿರಲಿಲ್ಲ.

ಇಲ್ಲಿಯಾದರೂ ಹೇಳುತ್ತೇನೆ. ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲಿನ ತಂಗಿ. ಚೆಂಡು ಸ್ವಲ್ಪ ದಪ್ಪ, ಎಸೆಯುವುದು ಕೈ ಕೆಳಗಿನಿಂದ. ಕ್ರಿಕೆಟ್ಟಿನ ಹಾಗೆ ಚೆಂಡು ನೆಲಕ್ಕೆ ಬಿದ್ದು ಪುಟಿದು ಬರುವುದಿಲ್ಲ, ಗಾಳಿಯಲ್ಲೇ ಬರುತ್ತದೆ, ಗಾಳಿಯಲ್ಲೇ ಹೊಡೆಯಬೇಕು. ಬ್ಯಾಟು ದುಂಡಗಿರುತ್ತದೆ. ಒಂದು ದಿನ ಅದನ್ನು ಮನೆಗೆ ತಂದಾಗ ನಮ್ಮವ್ವ ತಿರುಗಿಸಿ ತಿರುಗಿಸಿ ನೋಡಿ, "ಇದ್ರಲ್ಲಿ ಏನ್ ಕುಟ್ಟೀರಮ್ಮಿ?" ಎಂದಿದ್ದಳು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಚಿನಕುರಳಿಯಿಂದ ಪಾಂಡವಪುರದ ಕಾಲೇಜಿಗೆ ಹೋಗುತ್ತಿದ್ದೆ, ಬಿ.ಎ. ಕೊನೆಯ ವರ್ಷ. ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರು ಚನ್ನಪ್ಪನವರು. ಎಲ್ಲರೂ ಪಿ.ಡಿ. ಸಾರ್ ಎನ್ನುತ್ತಿದ್ದೆವು. ಬೂಕನಕೆರೆ ಕಡೆಯವರು, ಹಳೇ ಕಬಡ್ಡಿ ಆಟಗಾರರು, ತೊಡೆ ತಟ್ಟಿದರೆ ಲೈಬ್ರರಿಯಲ್ಲಿ ಓದುತ್ತಿದ್ದವರು ತಲೆ ಎತ್ತುತ್ತಿದ್ದರು. ಹೆಣ್ಣುಮಕ್ಕಳಿಗೆ ಸಾಫ್ಟ್‌ಬಾಲ್ ತಂಡ ಕಟ್ಟಬೇಕು ಎಂದು ಮೇಲಿನಿಂದ ಹೇಳಿಕೆ ಬಂದಾಗ, ಹೋಗುವವರು ಬೇರೆ ಯಾರೂ ಇಲ್ಲದೆ ಇವರನ್ನು ಕೆಲವು ದಿನದ ತರಬೇತಿಗೆ ಕಳಿಸಿದರು. ಅಲ್ಲಿಂದ ಅವರು ಎರಡು ಬ್ಯಾಟು, ಒಂದು ಚೀಲ ಹಳೇ ಗ್ಲೌಸು ಮತ್ತು ಒಂದು ಮಾತು ತಂದರು.

"ಮ್ಯಾಲಿಂದ ಕೆಳೀಕೆ ಒಡೀಬೇಕು. ಕೊಡ್ಲೀಲಿ ಸೌದೆ ಒಡ್ದಂಗೆ."

ಆ ಮಾತಿನ ಹಿಂದಿನ ಕತೆ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಮಗಳ ಶಾಲೆಯ ತಂಡದ ಜೊತೆ ಶ್ರೀರಂಗಪಟ್ಟಣಕ್ಕೆ ಹೋಗಿದ್ದಾಗ ಒಬ್ಬ ವಯಸ್ಸಾದ ಕೋಚು ಸಿಕ್ಕಿದ್ದರು. ಕೆಲವರು ಬ್ಯಾಟನ್ನು ತೀರಾ ಕೆಳಗಿನಿಂದ ಮೇಲಕ್ಕೆ ಎತ್ತಿ, ಚೆಂಡನ್ನು ಸುಮ್ಮನೆ ಆಕಾಶಕ್ಕೆ ಕಳಿಸುತ್ತಾರಂತೆ. ಅಂಥವರನ್ನು ತಿದ್ದುವುದಕ್ಕೆ ನಾಲ್ಕು ದಿನ ಮೇಲಿನಿಂದ ಕಡಿ ಎನ್ನುತ್ತಾರಂತೆ. ತಿದ್ದಿದ ಮೇಲೆ ಆ ಮಾತನ್ನು ಬಿಟ್ಟುಬಿಡಬೇಕು. ಚೆಂಡು ಬರುವುದು ಅಡ್ಡವಾಗಿ, ಸ್ವಲ್ಪ ಇಳಿಯುತ್ತ. ಬ್ಯಾಟು ಅದೇ ದಾರಿಯಲ್ಲಿ ಎದುರು ಹೋಗಬೇಕು. ಮೇಲಿನಿಂದ ಕಡಿದರೆ ಆ ದಾರಿಯನ್ನು ಒಂದೇ ಕಡೆ ದಾಟುತ್ತದೆ. ಸಿಕ್ಕರೆ ಸಿಕ್ಕಿತು, ಸಿಕ್ಕರೂ ಚೆಂಡು ಹೋಗುವುದು ನೆಲಕ್ಕೆ. "ಅದು ಔಷಧಿ ಕಣಮ್ಮ, ನಿಮ್ಮ ಮೇಷ್ಟ್ರು ಅದನ್ನೇ ಊಟಕ್ಕೆ ಬಡಿಸಿದ್ದಾರೆ" ಎಂದು ಆ ಕೋಚು ನಕ್ಕರು. ನಾನೂ ನಗಬೇಕೆಂದುಕೊಂಡೆ, ನಗು ಬರಲಿಲ್ಲ.

ಆ ಊಟ ನಾವು ಉಂಡದ್ದು ಒಂದು ಮಳೆಗಾಲದ ಕೊನೆಯಿಂದ ಸಂಕ್ರಾಂತಿಯ ಆಚೆಯವರೆಗೆ. ನಮ್ಮ ಗ್ರೌಂಡು ಎಂದರೆ ಕಾಲೇಜಿನ ಹಿಂದಿನ ಕಲ್ಲು ಬಯಲು. ಅದರಾಚೆ ಒಂದು ಆಲೆಮನೆ. ಹಾಲು ಹಿಂಡಿದ ಕಬ್ಬಿನ ಸಿಪ್ಪೆಯನ್ನು ಒಲೆಗೆ ಹಾಕುವುದಕ್ಕೆಂದು ಬಯಲಿನ ತುದಿಯಲ್ಲಿ ಒಣಗಲು ಹರಡುತ್ತಿದ್ದರು. ಅದೇ ನಮ್ಮ ಬೌಂಡರಿ. ಯಾರಾದರೂ ಚೆಂಡನ್ನು ಗಾಳಿಯಲ್ಲೇ ಅಷ್ಟು ದೂರ ಹೊಡೆದರೆ "ಸಿಪ್ಪೆಗೆ ಬಿತ್ತು" ಎಂದು ಕೂಗುತ್ತಿದ್ದೆವು. ಅದಕ್ಕಿಂತ ದೊಡ್ಡ ಹೊಡೆತ ನಮ್ಮಲ್ಲಿರಲಿಲ್ಲ.

ಸಾರ್ ಮಾತಾಡಿ ಅಷ್ಟಕ್ಕೇ ನಿಲ್ಲುವವರಲ್ಲ. ಆಲೆಮನೆಯ ಗೌಡರ ಹತ್ತಿರ ಮಾತಾಡಿಕೊಂಡು ಬಂದು, ನಮ್ಮ ಕೈಗೆ ನಿಜವಾದ ಕೊಡಲಿಯನ್ನೇ ಕೊಟ್ಟರು. ಬ್ಯಾಟು ಹಿಡಿಯುವ ಮೊದಲು ಒಬ್ಬೊಬ್ಬರೂ ಜಾಲಿ ಸೌದೆ ಒಡೆಯಬೇಕು. ಗೌಡರಿಗೆ ಒಲೆಗೆ ಬಿಟ್ಟಿ ಸೌದೆ, ನಮಗೆ ಬಿಸಿ ಬೆಲ್ಲ. "ಸಾರ್, ಸೌದೆ ಒಡೆಯೋದಾದ್ರೆ ಮನೇಲೇ ಒಡೀತಿದ್ವಲ್ಲ, ಇದ್ಕೆ ಡಿಗ್ರಿ ಯಾಕೆ?" ಎಂದು ಹುಡುಗಿಯರು ಗೊಣಗುತ್ತಿದ್ದರು. ಸಾರ್ ತಲೆ ಕೆಡಿಸಿಕೊಳ್ಳಲಿಲ್ಲ. ಕ್ರೀಡಾಕೂಟಗಳಿಗೆ ಬರುತ್ತಿದ್ದ ಬೇರೆ ತಾಲ್ಲೂಕಿನ ಮೇಷ್ಟ್ರುಗಳು ನಮ್ಮ ಈ ಪಾಠದ ಬಗ್ಗೆ ಕೇಳಿಕೊಂಡು ಹೋದರು. ನಾಗಮಂಗಲದಲ್ಲೂ ಒಬ್ಬರು ಕೊಡಲಿ ತರಿಸಿದರು ಎಂದು ಸುದ್ದಿಯಾಯಿತು.

ನನಗೆ ಆ ಕೊಡಲಿ ಕಷ್ಟವಾಗಲಿಲ್ಲ. ಚಿಕ್ಕಂದಿನಿಂದ ಒಡೆದ ಕೈ. ಗೆಣ್ಣಿರುವ ಕೊರಡನ್ನೂ ಒಂದೇ ಏಟಿಗೆ ಸೀಳುತ್ತಿದ್ದೆ. ಅದೇ ಏಟನ್ನು ಬ್ಯಾಟಿನಲ್ಲಿ ಇಳಿಸಿದರೆ ಚೆಂಡು ನೆಲ ಕಚ್ಚಿಕೊಂಡು ಹಾವಿನಂತೆ ಓಡುತ್ತಿತ್ತು. ಸಾರ್‌ಗೆ ನನ್ನನ್ನು ಕಂಡರೆ ಎಲ್ಲಿಲ್ಲದ ಅಭಿಮಾನ.

ಶಮೀಮಳ ಕತೆ ಇದಕ್ಕೆ ಉಲ್ಟಾ. ಅವಳು ಶ್ರೀರಂಗಪಟ್ಟಣದವಳು, ನನಗಿಂತ ಒಂದು ವರ್ಷ ಚಿಕ್ಕವಳು. ಅವರಪ್ಪ ಗೂಡ್ಸ್ ಟೆಂಪೋ ಓಡಿಸುತ್ತಿದ್ದರು. ಮನೆಯಲ್ಲಿ ಗ್ಯಾಸ್ ಒಲೆ. ಕೊಡಲಿಯನ್ನು ಸತ್ತ ಇಲಿಯ ಬಾಲ ಹಿಡಿದಂತೆ ಹಿಡಿಯುತ್ತಿದ್ದಳು. ಅವಳು ಬೀಸಿದರೆ ಸೌದೆ ಒಂದು ಕಡೆ, ಕೊಡಲಿ ಇನ್ನೊಂದು ಕಡೆ. ಆದರೆ ಬ್ಯಾಟು ಹಿಡಿದರೆ ಆಗಾಗ ಸಿಪ್ಪೆಗೆ ಬೀಳಿಸುತ್ತಿದ್ದವಳು ಅವಳೊಬ್ಬಳೇ. ಪ್ರತಿಸಲ ಹೊಡೆಯುವಾಗ ಅವಳ ಹಿಂದಿನ ಕಾಲು ತಿರುಗಿ ಹಿಮ್ಮಡಿ ಮೇಲೇಳುತ್ತಿತ್ತು, ಸೊಂಟ ಬಾಗಿಲು ತೆರೆದಂತೆ ತೆರೆದುಕೊಳ್ಳುತ್ತಿತ್ತು, ಕೈ ಆಮೇಲೆ ಬರುತ್ತಿತ್ತು. ಅವಳು ನಿಂತ ಜಾಗದಲ್ಲಿ ಮಣ್ಣು ತಿರುಚಿ ಒಂದು ಸಣ್ಣ ಗುಳಿ ಬೀಳುತ್ತಿತ್ತು. ನಾನು ನಿಂತ ಜಾಗದಲ್ಲಿ ಎರಡು ಪಾದದ ಗುರುತು ಅಚ್ಚಾಗಿ ಇರುತ್ತಿತ್ತು.

ಸಾರ್‌ಗೆ ಆ ಗುಳಿ ಕಂಡರೆ ಆಗುತ್ತಿರಲಿಲ್ಲ. "ಕಾಲು ಕಂಬ ನಿಂತಂಗೆ ನಿಲ್ಬೇಕು ಕಣಮ್ಮಿ. ಸೌದೆ ಒಡೆಯೋವಾಗ ಯಾರಾರಾ ಕಾಲು ತಿರುಗಿಸ್ತಾರಾ? ಊರಿಗೊಂದ್ ದಾರಿ ಆದ್ರೆ ಎಡವಟ್ಟಂಗೊಂದ್ ದಾರಿ" ಎಂದು ಬೈದು, ಕಾಲಿನಿಂದಲೇ ಗುಳಿ ಮುಚ್ಚುತ್ತಿದ್ದರು. ಶಮೀಮ ತಲೆಯಾಡಿಸುತ್ತಿದ್ದಳು. ಮುಂದಿನ ಚೆಂಡಿಗೆ ಮತ್ತೆ ಗುಳಿ.

ಸಾರ್ ಒಬ್ಬರೇ ಅಲ್ಲ. ಆ ವರ್ಷ ನಮಗೆ ಹೊಡೆಯುವುದನ್ನು ಕಲಿಸದವರೇ ಇರಲಿಲ್ಲ. ಪಕ್ಕದಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರು ಬಂದು, ಹಿಂದಿನ ಮೊಣಕೈಯನ್ನು ಕಂಕುಳಲ್ಲಿ ಹಕ್ಕಿ ಗೂಡು ಕಟ್ಟುವಷ್ಟು ಮೇಲೆತ್ತಿ ಎಂದರು. ಎತ್ತಿದೆವು. ಬ್ಯಾಟನ್ನು ಹಾವಿನ ಕತ್ತು ಹಿಡಿದಂತೆ ಬಿಗಿ ಹಿಡಿಯಿರಿ ಎಂದು ಆಲೆಮನೆಯ ಗೌಡರು ಹೇಳಿದರು. ಅಂಗೈಯಲ್ಲಿ ಬೊಬ್ಬೆ ಬಂದವು. ಚೆಂಡು ಬ್ಯಾಟಿಗೆ ತಾಗುವ ಗಳಿಗೆಯನ್ನು ಕಣ್ಣಾರೆ ನೋಡಬೇಕು ಎಂದು ಹಿಸ್ಟರಿ ಮೇಷ್ಟ್ರು ಅಂದರು. ಅದು ಮನುಷ್ಯರ ಕಣ್ಣಿಗೆ ಕಾಣುವಂಥದ್ದಲ್ಲ ಎಂದು ಈಗ ಗೊತ್ತು. ಆಗ ನಾನು ಕಣ್ಣು ಕಿಸಿದು ನೋಡೀ ನೋಡೀ ತಲೆನೋವು ತಂದುಕೊಂಡೆ. ಎಲ್ಲ ಬಲ ತೋಳಿನಲ್ಲಿದೆ ಎಂದು ನಮ್ಮವ್ವ ಮುದ್ದೆಯ ಗಾತ್ರ ಹೆಚ್ಚಿಸಿದಳು. ಹೇಳಿದ್ದನ್ನೆಲ್ಲ ನಾನು ಮಾಡಿದೆ. ನನ್ನ ಸ್ವಭಾವವೇ ಅಂಥದ್ದು, ಹಿರಿಯರು ಹೇಳಿದರೆ ಕಾರಣವಿರುತ್ತದೆ ಎಂದು ನಂಬಿದ್ದೆ.

ನಂಬಿಕೆ ಗಟ್ಟಿಯಾಗಲು ನಮ್ಮ ಬಯಲೂ ಸಹಾಯ ಮಾಡಿತು. ಅಲ್ಲಿ ಜಲ್ಲಿ ಚೂರು, ಕಲ್ಲಿನ ಮೊನೆ. ನೆಲದ ಮೇಲೆ ಓಡುವ ಚೆಂಡು ಎಲ್ಲಿ ತಿರುಗುತ್ತದೆ ಎಂದು ದೇವರಿಗೂ ಗೊತ್ತಾಗುತ್ತಿರಲಿಲ್ಲ. ಎದುರಾಳಿ ಹುಡುಗಿಯರು ಹಲ್ಲು ಉಳಿಸಿಕೊಳ್ಳಲು ಪಕ್ಕಕ್ಕೆ ಸರಿಯುತ್ತಿದ್ದರು. ನಾನು ಹಾಯಾಗಿ ಓಡಿ, ಚೆಂಡಿಗಿಂತ ಮೊದಲು ಮುಟ್ಟಬೇಕಾದ ಗುರುತನ್ನು, ಅಂದರೆ ಬೇಸನ್ನು, ಮುಟ್ಟುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮಗೆ ನೆಲ ಡೊಂಕಾಗಿದ್ದರಿಂದಲೇ ಕುಣಿತ ಬರುತ್ತಿತ್ತು. ನಮ್ಮ ಬಯಲಿಗೆ ಬಂದವರೆಲ್ಲ ಸೋತು ಹೋದರು. ಕೊಡಲಿ ಏಟೇ ಸರಿ ಎನ್ನಲು ಇನ್ನೇನು ಬೇಕಿತ್ತು?

ನನಗೆ ಇದು ಬರೀ ಆಟವಾಗಿರಲಿಲ್ಲ. ಶಾಲೆಯೊಂದರಲ್ಲಿ ಬಿಳಿ ಶೂ ಹಾಕಿಕೊಂಡು, ಕೊರಳಿಗೆ ಸೀಟಿ ಕಟ್ಟಿಕೊಂಡು ಡ್ರಿಲ್ ಟೀಚರ್ ಆಗಬೇಕೆಂದು ನನ್ನ ಆಸೆ. ಅದರ ಕೋರ್ಸಿಗೆ ಸೇರಲು ನನ್ನ ಮಾರ್ಕ್ಸು ಸಾಲದು. ಯೂನಿವರ್ಸಿಟಿ ತಂಡಕ್ಕೆ ಆಯ್ಕೆಯಾದರೆ ಆಟದ ಮೇಲೆ ಸೀಟು ಸಿಗುತ್ತದೆ ಎಂದು ಸಾರ್ ಹೇಳಿದ್ದರು. ಜನವರಿಯಲ್ಲಿ ಕೆ.ಆರ್. ಪೇಟೆಯಲ್ಲಿ ಆಯ್ಕೆ. ನಮ್ಮ ಕಡೆಯಿಂದ ಒಬ್ಬರನ್ನೇ ತೆಗೆದುಕೊಳ್ಳುತ್ತಾರೆ.

ಅಪ್ಪ ಹಸುವಿಗೆ ಹುಲ್ಲು ಹಾಕುತ್ತಿದ್ದಾಗ ಹೋಗಿ ಕೇಳಿದೆ. ಅವರು ಹುಲ್ಲು ಉದುರಿಸುತ್ತಲೇ ಹೇಳಿದರು. "ಆಯ್ಕೆ ಆದ್ರೆ ಮೈಸೂರ್ಗೋಗಿ ಅದೇನೋ ಡ್ರಿಲ್ ಮೇಡಮ್ಮಿನ ಓದು ಓದ್ಕೊ, ನಾನ್ ಬ್ಯಾಡ ಅನ್ನಾಕಿಲ್ಲ. ಆಗ್ನಿಲ್ಲ ಅಂದ್ರೆ ಅಲ್ಲಿಗೆ ಬುಟ್ಬುಡು. ಡಿಗ್ರಿ ಮುಗುಸ್ಕಂಡು ಮನೇಲಿರು." ಅವರು ಕೆಟ್ಟವರಲ್ಲ. ಅಷ್ಟು ಹೇಳಿದ್ದೇ ನಮ್ಮ ಬೀದಿಯಲ್ಲಿ ದೊಡ್ಡದು.

ಮಾಗಿ ಚಳಿ ಶುರುವಾಯಿತು. ಬೆಳಗ್ಗೆ ಮೊದಲ ಬಸ್ಸಿಗೆ ಹೋಗಿ, ಮಂಜಿನಲ್ಲಿ ಸೌದೆ ಒಡೆದು, ಆಮೇಲೆ ಬ್ಯಾಟು ಬೀಸಿ, ಆಮೇಲೆ ಪಾಠ. ಡಿಸೆಂಬರಿನ ಹೊತ್ತಿಗೆ ಬಲಭುಜದೊಳಗೆ ಏನೋ ಕಡಿಯತೊಡಗಿತು. ಜಡೆ ಹಾಕಿಕೊಳ್ಳಲು ಕೈ ಎತ್ತಿದರೆ ಕಣ್ಣಲ್ಲಿ ನೀರು. ಅವ್ವ ಹರಳೆಣ್ಣೆ ಕಾಯಿಸಿ ತಿಕ್ಕುತ್ತಿದ್ದಳು. ಸಾರ್‌ಗೆ ಹೇಳಿದರೆ, "ನೋಯ್ಲಿ ಬುಡು, ಬಲ ಬತ್ತಾ ಅದೆ ಅಂತ" ಎಂದರು. ಅದನ್ನೂ ನಂಬಿದೆ. ದಣಿವು ಎಷ್ಟಿತ್ತೆಂದರೆ ಎಕನಾಮಿಕ್ಸ್ ಕ್ಲಾಸಿನಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದು ಕಲಿತೆ. ಆ ವರ್ಷ ನಾನು ಸರಿಯಾಗಿ ಕಲಿತದ್ದು ಅದೊಂದೇ ಇರಬೇಕು.

ಒಂದು ಸಂಜೆ ಬಸ್ಸಿಗೆ ಕಾಯುತ್ತ ಶಮೀಮಳನ್ನು ಕೇಳಿದೆ. "ಸಿಪ್ಪೆಗೆ ಬೀಳಿಸ್ತೀಯಲ್ಲ, ಎಂಗ್ ಒಡೀತೀಯೇ?"

"ಸಾರ್ ಹೇಳಿದಂಗೇ ಕಣೇ. ಮೇಲಿಂದ ಕೆಳಕ್ಕೆ."

"ಸುಳ್ ಏಳ್ಬೇಡ. ನಿನ್ ಸೊಂಟ ತಿರುಗ್ತದೆ. ಬ್ಯಾಟು ಅಡ್ಡ ಬತ್ತದೆ. ನಾನ್ ನೋಡಿವ್ನಿ."

"ಕಸಂ, ಮೇಲಿಂದಾನೇ ಹೊಡೀತೀನಿ. ನನ್ಗೆ ಹಂಗೇ ಅನ್ಸೋದು" ಎಂದು ಅವಳು ತನ್ನ ಕತ್ತು ಮುಟ್ಟಿಕೊಂಡಳು. ಅವಳ ಕಣ್ಣಲ್ಲಿ ಕಪಟವಿರಲಿಲ್ಲ. ಮೈ ಒಂದು ಮಾಡುತ್ತಿತ್ತು, ಮನಸ್ಸು ಇನ್ನೊಂದು ಎಂದುಕೊಂಡಿತ್ತು. ಚೆನ್ನಾಗಿ ಹೊಡೆಯುವವರನ್ನು ಕೇಳಿ ಹೊಡೆಯುವುದನ್ನು ಕಲಿಯಲಾಗದು ಎಂದು ನನಗೆ ಅರ್ಥವಾಗಬೇಕಿತ್ತು. ಆಗಲಿಲ್ಲ. ಅವಳು ಏನೋ ಮುಚ್ಚಿಡುತ್ತಿದ್ದಾಳೆ ಎಂದು ಎರಡು ದಿನ ಮಾತು ಬಿಟ್ಟೆ.

ಸಂಕ್ರಾಂತಿ ಕಳೆದ ಮೇಲೆ ಕೆ.ಆರ್. ಪೇಟೆಗೆ ಹೋದೆವು. ಬಸ್ಸಿಳಿದು ಗ್ರೌಂಡು ನೋಡಿದೆ. ಕೆಮ್ಮಣ್ಣು ಹಾಕಿ, ನೀರು ಚಿಮುಕಿಸಿ, ರೋಲರ್ ಎಳೆದು ಸಾರಿಸಿದ ಅಂಗಳದ ಹಾಗೆ ಮಾಡಿದ್ದರು. ಹುಡುಕಿದರೂ ಒಂದು ಕಲ್ಲಿಲ್ಲ. ಆಯ್ಕೆ ಮಾಡಲು ಬಂದಿದ್ದವರು ಟೋಪಿ ಹಾಕಿಕೊಂಡಿದ್ದ ಒಬ್ಬ ಎತ್ತರದ ಮೇಡಂ. ಹೆಚ್ಚು ಮಾತಿಲ್ಲ, ಕೈಕಟ್ಟಿ ನಿಂತಿದ್ದರು.

ನನ್ನ ಸರದಿ ಬಂತು. ಕಾಲು ಕಂಬ ಮಾಡಿದೆ, ಮೊಣಕೈ ಎತ್ತಿದೆ, ಬ್ಯಾಟನ್ನು ಬಿಗಿ ಹಿಡಿದೆ, ಕಣ್ಣು ಕಿಸಿದೆ. ಒಂದು ಚೆಂಡೂ ತಪ್ಪಲಿಲ್ಲ. ಪ್ರತಿಯೊಂದಕ್ಕೂ ಏಟು ಬಿತ್ತು. ಪ್ರತಿಯೊಂದೂ ನೆಲಕ್ಕೆ ಬಿದ್ದು, ಆ ನುಣ್ಣನೆಯ ಮಣ್ಣಿನಲ್ಲಿ ಸಾಧುವಾಗಿ ಉರುಳಿ, ಎದುರು ನಿಂತ ಹುಡುಗಿಯ ಗ್ಲೌಸಿಗೆ ಹೋಯಿತು. ಅವಳು ಜಾಗ ಬಿಟ್ಟು ಕದಲಬೇಕಾಗಲಿಲ್ಲ. ಕೊನೆಯ ಚೆಂಡಿಗೆ ಇರುವ ಬಲವೆಲ್ಲ ಹಾಕಿ ಕಡಿದೆ. ಭುಜದೊಳಗೆ ಹಸಿ ಕಡ್ಡಿ ಮುರಿದಂತಾಯಿತು. ಆ ಚೆಂಡೂ ಅವಳ ಹತ್ತಿರಕ್ಕೇ ಹೋಯಿತು. "ಮುಂದಿನವರು" ಎಂದರು ಮೇಡಂ.

ಶಮೀಮಳಿಗೆ ಮೊದಲೆರಡು ಚೆಂಡು ತಪ್ಪಿದವು. ಬ್ಯಾಟು ಗಾಳಿಯಲ್ಲಿ ಬೀಸಿ ಸುತ್ತ ತಿರುಗಿದಳು, ಯಾರೋ ನಕ್ಕರು. ಅವಳಿಗೆ ತಪ್ಪಲಿ, ಇನ್ನೂ ತಪ್ಪಲಿ ಎಂದು ನನ್ನ ಮನಸ್ಸು ಕೇಳಿಕೊಂಡಿತು. ಮೂರನೆಯದಕ್ಕೆ ಸೊಂಟ ತಿರುಗಿತು. ಚೆಂಡು ಗ್ರೌಂಡಿನ ತುದಿಯ ಬೇವಿನ ಮರದ ಮೇಲಿಂದ ಹೋಗಿ ಆಚೆ ಬಿತ್ತು. ಅದರ ಮುಂದಿನದೂ ಅಷ್ಟೇ ದೂರ. ಮೇಡಂ ಕಟ್ಟಿದ್ದ ಕೈ ಬಿಚ್ಚಿ ಹತ್ತಿರ ಬಂದರು.

"ಯಾರಮ್ಮ ಕಲ್ಸಿದ್ದು?"

"ನಮ್ಮ ಸಾರು ಮೇಡಂ."

"ಏನಂತ ಹೇಳ್ಕೊಟ್ರು?"

"ಮೇಲಿಂದ ಕೆಳಕ್ಕೆ ಹೊಡೀಬೇಕು, ಕೊಡ್ಲೀಲಿ ಸೌದೆ ಒಡ್ದಂಗೆ ಅಂತ."

ಮೇಡಂ ಪಟ್ಟಿಯಲ್ಲಿ ಅವಳ ಹೆಸರಿಗೆ ಗುರುತು ಹಾಕಿ ಸಾರ್ ಕಡೆ ತಿರುಗಿದರು. "ಒಳ್ಳೇದು ಸರ್. ಹೀಗೇ ಹೇಳ್ಕೊಡ್ತಾ ಇರಿ." ಅಷ್ಟು ಜನ ಮೇಷ್ಟ್ರುಗಳ ಮುಂದೆ ಆ ಮಾತು ಬಿತ್ತು. ಶ್ರೀರಂಗಪಟ್ಟಣದವರು, ನಾಗಮಂಗಲದವರು ಎಲ್ಲ ಬಂದು ಸಾರ್ ಕೈ ಕುಲುಕಿದರು. ಸಾರ್ ನಗಲಿಲ್ಲ. ನೆಲ ನೋಡುತ್ತ ನಿಂತಿದ್ದರು.

ಶಮೀಮಳ ಅಪ್ಪ ಟೆಂಪೋ ತಂದಿದ್ದರು. ಮಗಳ ತಲೆ ಸವರಿ, "ಶಾಬಾಶ್ ಬೇಟಿ" ಎಂದು ಕಣ್ಣೊರೆಸಿಕೊಂಡರು. ಅವಳು ನನ್ನನ್ನು ತಬ್ಬಿಕೊಂಡು, "ನಿನ್ಗೂ ಆಗ್ಬೇಕಿತ್ತು ಕಣೇ" ಎಂದಳು. ನಿಜವಾಗಿ ಅಂದಳು, ಅದಕ್ಕೇ ಇನ್ನೂ ಹೊಟ್ಟೆ ಉರಿಯಿತು. ನನ್ನ ಬಲಗೈ ಮೇಲೇಳುತ್ತಿರಲಿಲ್ಲ, ಎಡಗೈಯಲ್ಲಿ ಅವಳ ಬೆನ್ನು ತಟ್ಟಿದೆ.

ಉಳಿದ ಹುಡುಗಿಯರು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಬಳೆ ನೋಡುತ್ತಿದ್ದರು. ನಾನು ಕಲ್ಲು ಬೆಂಚಿನ ಮೇಲೆ ಕೂತಿದ್ದೆ. ಸಾರ್ ಒಂದು ಪೊಟ್ಟಣ ಕಡ್ಲೇಕಾಯಿ ತಂದು ನಡುವೆ ಇಟ್ಟು, ಬೆಂಚಿನ ಆ ತುದಿಯಲ್ಲಿ ಕೂತರು.  ನಾನೇ ಕೇಳಿದೆ.

"ನಾನ್ ಏನ್ ತಪ್ ಮಾಡ್ದೆ ಸಾರ್?"

"ನಿಂದೇನೂ ತಪ್ಪಿಲ್ಲ ಕಣಮ್ಮಿ. ನಾನ್ ಏಳ್ಕೊಟ್ಟಂಗೆ ಒಡ್ದೋಳು ನೀನೊಬ್ಳೇ."

"ಶಮೀಮ?"

"ಅವ್ಳೆಲ್ ಒಡುದ್ಲು? ಒಂದಿನವೂ ಅಂಗ್ ಒಡೀನಿಲ್ಲ. ತಿದ್ದೀ ತಿದ್ದೀ ನಂಗೇ ಸಾಕಾಗೋಯ್ತು."

ಆ ಮಾತು ಹೊರಬಿದ್ದ ಮೇಲೆ ಅದರ ಅರ್ಥ ಇಬ್ಬರಿಗೂ ಹೊಳೆಯಿತು. ಸಾರ್ ಕೈಯಲ್ಲಿದ್ದ ಕಡ್ಲೇಕಾಯಿಯನ್ನು ಬಿಡಿಸಿದರು, ತಿನ್ನಲಿಲ್ಲ. ನನಗೆ ಅವರ ಮೇಲೆ ತಡೆಯಲಾರದ ಸಿಟ್ಟು ಬಂತು. ಮಂಜಿನಲ್ಲಿ ಒಡೆದ ಸೌದೆ, ತಿಕ್ಕಿದ ಹರಳೆಣ್ಣೆ, ಅಪ್ಪನ ಮಾತು ಎಲ್ಲ ಒಟ್ಟಿಗೆ ನೆನಪಾದವು. ಬಾಯಿ ಬಿಟ್ಟು ಏನಾದರೂ ಅನ್ನಬೇಕೆಂದು ತಿರುಗಿ ನೋಡಿದರೆ, ಅವರ ಮುಖ ನನ್ನ ಮುಖದಷ್ಟೇ ಸೋತಿತ್ತು.

"ನಂಗೆ ಗೊತ್ತಿರೋದು ಇದೊಂದೇ ಕಣಮ್ಮಿ," ಎಂದರು. "ಅವ್ರು ಅಲ್ಲಿ ಇನ್ನೂ ಏನೇನೋ ಏಳುದ್ರು. ಇಂಗ್ಲಿಷಲ್ಲಿ. ನಂಗೆ ತಲೆಗೋಗಿದ್ದು ಇಷ್ಟೇಯ." ಬಸ್ಸು ಬಂತು. ಅವರು ನನ್ನ ಚೀಲವನ್ನೂ ಎತ್ತಿಕೊಂಡು ಹತ್ತಿದರು.

ಮನೆಯಲ್ಲಿ ಅಪ್ಪ ನನ್ನ ಮುಖ ನೋಡಿ, "ಉಣ್ಣೋಗು" ಎಂದರು. ಅಲ್ಲಿಗೆ ಡ್ರಿಲ್ ಟೀಚರ್ ಮುಗಿಯಿತು. ಆಮೇಲೆ ಮದುವೆ, ಮಗಳು, ಊರಿನ ಡೈರಿಯಲ್ಲಿ ಬೆಳಗ್ಗೆ ಸಂಜೆ ಹಾಲು ಅಳೆದುಕೊಳ್ಳುವ ಕೆಲಸ. ಬದುಕು ಕೆಟ್ಟದ್ದೇನಾಗಲಿಲ್ಲ. ಆದರೆ ಶಾಲೆಯ ಮುಂದೆ ಹೋಗುವಾಗ ಸೀಟಿ ಕೇಳಿದರೆ ಇವತ್ತಿಗೂ ಹೆಜ್ಜೆ ನಿಧಾನವಾಗುತ್ತದೆ.

ಕೆ.ಆರ್. ಪೇಟೆಯಿಂದ ಬಂದ ಮೇಲಿನ ಸೋಮವಾರ ಗ್ರೌಂಡಿಗೆ ಹೋಗಬಾರದು ಎಂದುಕೊಂಡಿದ್ದೆ. ಕಾಲು ಎಳೆದುಕೊಂಡು ಹೋಯಿತು. ಶಮೀಮ ಅಷ್ಟರಲ್ಲಿ ಯೂನಿವರ್ಸಿಟಿಯ ಕ್ಯಾಂಪಿಗೆ ಹೋಗಿಬಿಟ್ಟಿದ್ದಳು. ಅವಳ ಸುದ್ದಿ ಕೇಳಿ ಮೊದಲ ವರ್ಷದ ಹುಡುಗಿಯರು ಒಂದು ಹಿಂಡು ಬಂದು ಸೇರಿದ್ದರು. ಸಾರ್ ಎಲ್ಲರನ್ನೂ ಆಲೆಮನೆಯ ಸೌದೆ ರಾಶಿಯ ಹತ್ತಿರ ಸಾಲಾಗಿ ನಿಲ್ಲಿಸಿದ್ದರು. ಒಬ್ಬ ಗಟ್ಟಿಮುಟ್ಟಾದ ಹುಡುಗಿ ಕೊಡಲಿ ಎತ್ತಿ ಒಂದು ಕೊರಡನ್ನು ಸೀಳಿ, ನನ್ನನ್ನು ನೋಡಿ ಕೇಳಿದಳು. "ಅಕ್ಕ, ಇಂಗೆ ಒಡುದ್ರೆ ಸರಿಯಾ?"

"ಸೌದೆಗಾದ್ರೆ ಸರಿಯಾಗೇ ಅದೆ ಕಣಮ್ಮಿ" ಎಂದೆ.

ಸಾರ್ ಕೇಳಿಸಿಕೊಂಡರು. ಬೈಯುತ್ತಾರೆ ಎಂದುಕೊಂಡೆ. ಅವರು ಹತ್ತಿರ ಬಂದು, ಹುಡುಗಿಯರಿಗೆ ಕೇಳದ ಹಾಗೆ, ಗೇಲಿಯಾಗಲಿ ಕೋಪವಾಗಲಿ ಇಲ್ಲದೆ, ಗೊತ್ತಿಲ್ಲದವರು ಗೊತ್ತಿರುವವರನ್ನು ಕೇಳುವ ದನಿಯಲ್ಲಿ ಕೇಳಿದರು.

"ಅಂಗಾದ್ರೆ ಬಾಲಿಗೆ ಎಂಗ್ ಒಡೀಬೇಕು? ನೀನೇ ಏಳಮ್ಮಿ."

ನನಗೆ ಗೊತ್ತಿರಲಿಲ್ಲ. ಕಾದು ಸಾಕಾಗಿ, ಆ ಹುಡುಗಿ ಇನ್ನೊಂದು ಕೊರಡು ಎಳೆದುಕೊಂಡು ಕೊಡಲಿ ಎತ್ತಿದಳು.